ಭಾರ ಈಗ ಯಾವ ಗಾಲಿಯ ಮೇಲಿದೆ?

ಬೈಕು ಹೇಗೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ ಎಂಬ ಈ ಬರಹವನ್ನು ಓದಲು ಹದಿನೈದು ನಿಮಿಷ ಸಾಕು. ಆದರೆ ಕೈಗೆ ಹತ್ತಬೇಕಾದರೆ ಒಂದು ಬೈಕು, ಒಂದು ಖಾಲಿ ಮೈದಾನ, ಭಾನುವಾರದ ಒಂದು ಬೆಳಗು ಮತ್ತು ಆರು ಇಟ್ಟಿಗೆ ಚೂರು ಬೇಕು. ಹೆಲ್ಮೆಟ್, ಕೈಗವಸು, ಕಾಲು ಮುಚ್ಚುವ ಶೂ ಇವನ್ನು ಬೇರೆಯಾಗಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ನನಗೆ ಬೈಕು ಕಲಿಸಿದವರು ಚಿಕ್ಕಪ್ಪ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಯೆಜ್ಡಿ, ಎರಡೂ ಗಾಲಿಗೆ ಡ್ರಮ್ ಬ್ರೇಕು. ಅವರ ಮೊದಲ ಪಾಠ: "ಮುಂದಿನ ಬ್ರೇಕಿಗೆ ಕೈ ಹಾಕಬೇಡ, ಮುಗ್ಗರಿಸಿ ಬೀಳುತ್ತೀಯ." ಎರಡನೆಯದು: "ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಬೇಡ, ಮೈ ವಾಲಿಸು, ಅದೇ ತಿರುಗುತ್ತದೆ." ಹತ್ತಾರು ವರ್ಷ ಎರಡನ್ನೂ ವೇದವಾಕ್ಯದಂತೆ ನಡೆಸಿಕೊಂಡು ಬಂದೆ. ಊರಿನ ಜಲ್ಲಿ ರಸ್ತೆಗೆ ಮೊದಲನೆಯ ಮಾತು ಅಷ್ಟೇನೂ ತಪ್ಪಲ್ಲ. ಡಾಂಬರು ರಸ್ತೆಯಲ್ಲಿ ಮಾತ್ರ ಅದು ಅಪಾಯದ ಮಾತು. ಎರಡನೆಯದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿಕೊಂಡು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೆ ಎಂದು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಬೈಕು ಯಾಕೆ ಹೀಗೆ ವರ್ತಿಸುತ್ತದೆ ಎಂದು ಕೇಳುವಾಗಲೆಲ್ಲ ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ಭಾರ ಈಗ ಯಾವ ಗಾಲಿಯ ಮೇಲಿದೆ? ಬ್ರೇಕು, ತಿರುವು, ಹಿಂದೆ ಕುಳಿತ ಅಮ್ಮ, ಮಳೆ, ಎಲ್ಲವೂ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತವೆ.

ಮೊದಲು ಅಂಗಳದಲ್ಲಿ

ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡದೆ ಬಿಡಿ. ಬೈಕು ಎಡಕ್ಕೆ ವಾಲಿದೆ. ಯಾರೂ ಮುಟ್ಟದಿದ್ದರೂ ಹ್ಯಾಂಡಲ್ ಎಡಕ್ಕೇ ತಿರುಗಿಕೊಂಡು ನಿಂತಿದೆ. ದಿನವೂ ನೋಡುವ ಈ ದೃಶ್ಯದಲ್ಲಿ ಬೈಕಿನ ಅರ್ಧ ಗುಟ್ಟು ಇದೆ. ಈಗ ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ಮುಟ್ಟದೆ, ಸೀಟಿನ ಹಿಂಭಾಗವನ್ನು ಮಾತ್ರ ಹಿಡಿದು ನಾಲ್ಕು ಹೆಜ್ಜೆ ತಳ್ಳಿಕೊಂಡು ನಡೆಯಿರಿ. ಬಲಕ್ಕೆ ತುಸು ವಾಲಿಸಿದರೆ ಮುಂದಿನ ಗಾಲಿ ತಾನಾಗಿ ಬಲಕ್ಕೆ ಹೊರಳುತ್ತದೆ. ಭಾರದ ಬೈಕಾದರೆ ಪಕ್ಕದಲ್ಲಿ ಒಬ್ಬರು ಇರಲಿ. ಸೈಕಲ್ಲಿನಲ್ಲಿ ಇದೇ ಆಟ ಇನ್ನೂ ಸುಲಭ.

ಯಾಕೆ ಹೀಗೆ? ಬೈಕನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ತಿರುಗುವ ಅಕ್ಷ ನೆಟ್ಟಗಿಲ್ಲ, ಹಿಂದಕ್ಕೆ ಓರೆಯಾಗಿದೆ. ಆ ಓರೆಯ ಗೆರೆಯನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ನೆಲವನ್ನು ತಾಗುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು; ಸಾಮಾನ್ಯ ರಸ್ತೆ ಬೈಕುಗಳಲ್ಲಿ ಸುಮಾರು 90ರಿಂದ 120 ಮಿಲಿಮೀಟರ್. ಅಂದರೆ ಟೈರು ಅಕ್ಷದ ಹಿಂದೆ ಎಳೆದುಕೊಂಡು ಬರುತ್ತಿದೆ, ಕಚೇರಿಯ ಕುರ್ಚಿಯ ಪುಟ್ಟ ಗಾಲಿಯ ಹಾಗೆ. ಕುರ್ಚಿಯನ್ನು ಎತ್ತ ತಳ್ಳಿದರೂ ಗಾಲಿ ಹಿಂದೆ ತಿರುಗಿಕೊಂಡು ನೇರವಾಗುತ್ತದಲ್ಲವೇ, ಬೈಕಿನ ಮುಂದಿನ ಗಾಲಿಯೂ ಹಾಗೆಯೇ. ಟ್ರೇಲ್ ಹೆಚ್ಚಿದ್ದರೆ ಹೆದ್ದಾರಿಯಲ್ಲಿ ಗೆರೆ ಎಳೆದಂತೆ ಹೋಗುತ್ತದೆ, ಪೇಟೆಯ ಸಂದಿಯಲ್ಲಿ ಮೊಂಡು ಹಿಡಿಯುತ್ತದೆ. ಕಡಿಮೆ ಇದ್ದರೆ ಚುರುಕು, ಜೊತೆಗೆ ತುಸು ಚಂಚಲ. ಉದ್ದನೆಯ ಕ್ರೂಸರ್ ಬೈಕಿಗೂ ನಿಮ್ಮ ಮನೆಯ ಸ್ಕೂಟರಿಗೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರದು.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಬದಿಗಿಡಬೇಕು. ತಿರುಗುವ ಗಾಲಿ ಬುಗುರಿಯಂತೆ, ಅದಕ್ಕೇ ಬೈಕು ಬೀಳುವುದಿಲ್ಲ ಎಂದು ನಮಗೆ ಶಾಲೆಯಲ್ಲೇ ಯಾರೋ ಹೇಳಿರುತ್ತಾರೆ. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ರಸಾಯನಶಾಸ್ತ್ರಜ್ಞ ಸೈಕಲ್ಲಿಗೆ ಇನ್ನೊಂದು ಗಾಲಿ ಕಟ್ಟಿ, ಅದನ್ನು ಉಲ್ಟಾ ತಿರುಗಿಸಿ ಬುಗುರಿಯ ಪರಿಣಾಮವನ್ನೇ ಅಳಿಸಿದ. ಆದರೂ ಸೈಕಲ್ ಆರಾಮವಾಗಿ ಓಡಿಸಬಹುದಿತ್ತು. ಅವನು ಅದನ್ನು ಬರೆದು ಪ್ರಕಟಿಸಿದ್ದು 1970ರಲ್ಲಿ. 2011ರಲ್ಲಿ ಕಾರ್ನೆಲ್ ಮತ್ತು ಡೆಲ್ಫ್ಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಇನ್ನೂ ಮುಂದೆ ಹೋದರು: ಬುಗುರಿ ಪರಿಣಾಮವೂ ಇಲ್ಲದ, ಟ್ರೇಲೂ ಇಲ್ಲದ ಒಂದು ಪುಟ್ಟ ಸೈಕಲ್ ಮಾಡಿ ತಳ್ಳಿಬಿಟ್ಟರು, ಅದೂ ಬೀಳದೆ ಸಾಗಿತು. ಹಾಗಾದರೆ ಗುಟ್ಟೇನು? ಯಾವ ದಾರಿಯಿಂದಾದರೂ ಸರಿ, ಬೈಕು ಬೀಳುವ ಕಡೆಗೆ ಅದರ ಮುಂದಿನ ಗಾಲಿ ತಿರುಗಬೇಕು. ಆಗ ಗಾಲಿಗಳು ಬೀಳುತ್ತಿರುವ ಭಾರದ ಕೆಳಗೆ ಹೋಗಿ ಅದನ್ನು ಎತ್ತಿ ಹಿಡಿಯುತ್ತವೆ. ಸೈಡ್ ಸ್ಟ್ಯಾಂಡಿನಲ್ಲಿ ಹೊರಳಿದ ಹ್ಯಾಂಡಲ್ ಹೇಳುತ್ತಿದ್ದುದು ಇದನ್ನೇ. ಅಂದಮೇಲೆ ಹ್ಯಾಂಡಲನ್ನು ಗಟ್ಟಿಯಾಗಿ ಅವುಚಿ ಹಿಡಿಯುವುದೆಂದರೆ ಬೈಕು ತನ್ನನ್ನು ತಾನು ಕಾಯುವುದಕ್ಕೆ ಅಡ್ಡಿಪಡಿಸಿದಂತೆ. ಮೊಣಕೈ ಸಡಿಲ, ತೊಡೆಯಿಂದ ಟ್ಯಾಂಕಿನ ಹಿಡಿತ ಬಿಗಿ: ಇದನ್ನು ಇಂದಿನಿಂದಲೇ ರೂಢಿ ಮಾಡಿಕೊಳ್ಳಿ.

ಗಾಳಿ, ಕೋನ್‌ಸೆಟ್, ಚೌಕವಾದ ಟೈರು

ಒಂದು ಲೆಕ್ಕ ಮಾಡೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕ 195 ಕಿಲೋ, ಮೇಲೆ 65 ಕಿಲೋ ಸವಾರ, ಒಟ್ಟು 260. ಎರಡು ಗಾಲಿಗೆ ಸಮವಾಗಿ ಹಂಚಿದರೆ ತಲಾ 130. ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಹೊರುತ್ತದೆ. ಅಂದರೆ ಒಂದೊಂದು ಟೈರು ನೆಲ ಮುಟ್ಟುವುದು ಹೆಚ್ಚುಕಡಿಮೆ 60 ಚದರ ಸೆಂಟಿಮೀಟರ್, ಬೆರಳು ಬಿಟ್ಟರೆ ನಿಮ್ಮ ಅಂಗೈಯಷ್ಟೂ ಇಲ್ಲ. ನಿಮ್ಮನ್ನು ರಸ್ತೆಗೆ ಹಿಡಿದಿಟ್ಟಿರುವುದು ಈ ಎರಡು ರಬ್ಬರ್ ತೇಪೆಗಳು ಮಾತ್ರ. ಗಾಳಿ ಕಡಿಮೆಯಾದರೆ ತೇಪೆ ಅಗಲವಾಗುತ್ತದೆ, ನಿಜ. ಆದರೆ ಟೈರಿನ ಪಕ್ಕಗಳು ಮೆತ್ತಗಾಗಿ ಬೈಕು ತಿರುವಿನಲ್ಲಿ ತೇಲಾಡುತ್ತದೆ. ಹೆಚ್ಚಾದರೆ ಪ್ರತಿ ಕಲ್ಲಿಗೂ ಕುಪ್ಪಳಿಸುತ್ತದೆ. ಎಷ್ಟು ಹಾಕಬೇಕೆಂದು ಬಂಕಿನ ಹುಡುಗನನ್ನು ಕೇಳಬೇಡಿ. ಚೈನ್ ಕವರಿನ ಮೇಲೋ ಹಿಂಗಾಲಿಯ ತೋಳಿನ ಮೇಲೋ ಅಂಟಿಸಿದ ಚೀಟಿಯಲ್ಲಿ ಬರೆದಿದೆ, ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು. ಟೈರು ತಣ್ಣಗಿರುವಾಗ ಅಳೆಯಿರಿ.

ಮುಂದಿನದು ಕೋನ್‌ಸೆಟ್. ಹ್ಯಾಂಡಲ್ ತಿರುಗುವ ಕತ್ತಿನೊಳಗೆ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಕೋನ್‌ಸೆಟ್. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರನ್ನಾದರೂ ಒತ್ತಿ ಕೂರಿಸಿ ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ. ಒಂದೇ ಬೆರಳಿನಿಂದ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸರಿಯಬೇಕು. ನಡುವೆ ನೇರವಾಗಿ ಬಂದಾಗ ಟಕ್ ಎಂದು ಹಳ್ಳಕ್ಕೆ ಬಿದ್ದಂತೆ ನಿಂತರೆ, ಗುಂಡಿಗಳ ಹೊಡೆತಕ್ಕೆ ಬೇರಿಂಗಿನಲ್ಲಿ ತಗ್ಗು ಬಿದ್ದಿದೆ ಎಂದರ್ಥ. ಅಂಥ ಬೈಕು ನೇರ ರಸ್ತೆಯಲ್ಲಿ ಕುಡಿದವನ ಹಾಗೆ ಅತ್ತಿತ್ತ ಹೋಗುತ್ತದೆ, ಕಾರಣ ನಿಮಗೆ ಈಗ ಗೊತ್ತು: ಬೀಳುವ ಕಡೆ ತಿರುಗಬೇಕಾದ ಗಾಲಿಯನ್ನು ಆ ತಗ್ಗು ತಡೆದು ಹಿಡಿಯುತ್ತಿದೆ. ಬಳಿಕ ಫೋರ್ಕಿನ, ಅಂದರೆ ಮುಂದಿನ ಗಾಲಿಯನ್ನು ಎರಡೂ ಪಕ್ಕದಿಂದ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳ, ಎರಡೂ ಕಾಲನ್ನು ಕೆಳಗೆ ಹಿಡಿದು ಹಿಂದಕ್ಕೆ ಮುಂದಕ್ಕೆ ಜಗ್ಗಿ. ಕಟಕಟ ಎಂದರೆ ಸಡಿಲ. ಒಮ್ಮೆ ನನ್ನ ಬೈಕಿಗೆ ಟೈರು ಬದಲಾಯಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ಮೂರು ಸಾವಿರ ಕಳೆದೆ. ಆಮೇಲೆ ಬೀದಿಬದಿಯ ಮೆಕ್ಯಾನಿಕ್ ಒಬ್ಬರು ಇದೇ ಒಂದು ಬೆರಳಿನ ಪರೀಕ್ಷೆ ಮಾಡಿ, "ಸಾರ್, ಕೋನ್‌ಸೆಟ್ ಹೋಗಿದೆ, ಟೈರು ಪಾಪ ಏನು ಮಾಡುತ್ತದೆ?" ಎಂದರು.

ಹಿಂದಿನ ಟೈರನ್ನು ಹಿಂದಿನಿಂದ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ನೇರ ಹೆದ್ದಾರಿಯಲ್ಲೇ ಓಡಿದ ಟೈರು ನಡುವೆ ಸವೆದು ಚಪ್ಪಟೆಯಾಗಿರುತ್ತದೆ. ದುಂಡಗಿನ ಅಂಚು ಹೋಗಿ ಚೌಕವಾಗಿರುತ್ತದೆ. ವಾಲುವಾಗ ಅದು ಅಂಚನ್ನು ಹತ್ತಿ ಇಳಿದಂತೆ ತಟ್ಟನೆ ಬೀಳುತ್ತದೆ. ಅಂದಕ್ಕೆಂದು ಕಂಪನಿ ಕೊಟ್ಟದ್ದಕ್ಕಿಂತ ಎರಡು ಸೈಜು ಅಗಲದ ಟೈರು ಹಾಕಿಸುವವರಿಗೂ ಒಂದು ಮಾತು: ಟೈರು ಅಗಲವಾದಷ್ಟೂ ವಾಲಿದಾಗ ನೆಲ ಮುಟ್ಟುವ ತೇಪೆ ಒಳಪಕ್ಕಕ್ಕೆ ಸರಿಯುತ್ತದೆ, ಅದೇ ತಿರುವಿಗೆ ಬೈಕು ಇನ್ನಷ್ಟು ವಾಲಬೇಕಾಗುತ್ತದೆ. ಅಂದ ಹೆಚ್ಚಿತು, ಚುರುಕು ಹೋಯಿತು. ನನಗಂತೂ ಅದು ನಷ್ಟದ ವ್ಯಾಪಾರ.

ಮೈದಾನದಲ್ಲಿ: ಆಮೆಯ ನಡಿಗೆ

ಇಟ್ಟಿಗೆ ಚೂರುಗಳನ್ನು ಐದೈದು ಮಾರು ಅಂತರದಲ್ಲಿ ಇಡಿ. ಮೊದಲ ಗೇರು, ಹಾಫ್ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಪಾದದ ಹಗುರ ಒತ್ತು. ನಡೆಯುವ ವೇಗದಲ್ಲಿ ಅವುಗಳ ನಡುವೆ ಹಾವಿನಂತೆ ಹೋಗಿ. ಈ ವೇಗದಲ್ಲಿ ಹ್ಯಾಂಡಲನ್ನು ಹೋಗಬೇಕಾದ ಕಡೆಗೇ ತಿರುಗಿಸುತ್ತೇವೆ, ಮೈಯನ್ನು ಎದುರು ಪಕ್ಕಕ್ಕೆ ಒರಗಿಸುತ್ತೇವೆ. ಬೈಕು ಒಳಕ್ಕೆ, ಮೈ ಹೊರಕ್ಕೆ. ಎಂಜಿನ್ ಎಳೆಯುತ್ತಿರಲಿ, ಬ್ರೇಕು ಹಿಡಿದಿರಲಿ. ಆ ಎಳೆದಾಟದಲ್ಲಿ ಚೈನು ಬಿಗಿಯಾಗಿಯೇ ಇದ್ದು ಬೈಕು ಜರ್ಕು ಹೊಡೆಯುವುದಿಲ್ಲ. ಮುಂದಿನ ಬ್ರೇಕಿನ ವಿಷಯದಲ್ಲಿ ಚಿಕ್ಕಪ್ಪನ ಮಾತು ನೂರಕ್ಕೆ ನೂರು ಸರಿಯಾಗುವುದು ಇಲ್ಲೇ. ಹ್ಯಾಂಡಲ್ ತಿರುಗಿರುವಾಗ ನಿಧಾನದ ವೇಗದಲ್ಲಿ ಅದನ್ನು ಹಿಡಿದರೆ ಬೈಕು ಮಗುವನ್ನು ಮಲಗಿಸಿದಂತೆ ಪಕ್ಕಕ್ಕೆ ಮಲಗುತ್ತದೆ. ಯೂ ತಿರುವು ತೆಗೆದುಕೊಳ್ಳುವಾಗ ಮುಂದಿನ ಗಾಲಿಯನ್ನು ನೋಡಬೇಡಿ, ಭುಜದ ಮೇಲಿಂದ ಹಿಂದಿನ ರಸ್ತೆಯನ್ನು ನೋಡಿ. ಕಣ್ಣು ಹೋದಲ್ಲಿಗೆ ಬೈಕು ಹೋಗುತ್ತದೆ.

ಬಲಕ್ಕೆ ಹೋಗಲು ಬಲಗೈ ಮುಂದಕ್ಕೆ

ವೇಗ ಸುಮಾರು 20 ದಾಟಿದ ಮೇಲೆ ಲೋಕವೇ ತಲೆಕೆಳಗು. ಮೈದಾನದ ಉದ್ದಕ್ಕೆ 40ರ ವೇಗದಲ್ಲಿ ನೇರವಾಗಿ ಹೋಗಿ. ಬಲಗೈಯ ಅಂಗೈಯಿಂದ ಬಲ ಹಿಡಿಯನ್ನು ಮುಂದಕ್ಕೆ ಹಗುರವಾಗಿ ಒತ್ತಿ. ಹ್ಯಾಂಡಲ್ ಎಡಕ್ಕೆ ತಿರುಗುತ್ತದೆ ತಾನೇ? ಬೈಕು ಬಲಕ್ಕೆ ವಾಲುತ್ತದೆ. ಒತ್ತಡ ಬಿಡಿ, ನೇರವಾಗುತ್ತದೆ. ಈಗ ಎಡಗೈ. ಮೊದಲ ಸಲ ಇದನ್ನು ತಿಳಿದು ಮಾಡಿದವರ ಮುಖದಲ್ಲಿ ಒಂದು ಬೆರಗು ಮೂಡುತ್ತದೆ; ಇಷ್ಟು ವರ್ಷ ಕೈ ತನಗೆ ಹೇಳದೆಯೇ ಇದನ್ನು ಮಾಡಿಕೊಂಡು ಬಂದಿದೆ ಎಂಬ ಬೆರಗು.

ಅಂಗೈಯ ಮೇಲೆ ಕೋಲು ನಿಲ್ಲಿಸುವ ಮಕ್ಕಳ ಆಟ ನೆನಪಿಸಿಕೊಳ್ಳಿ. ಕೋಲನ್ನು ಬಲಕ್ಕೆ ಒಯ್ಯಬೇಕಾದರೆ ಕೈಯನ್ನು ನೇರ ಬಲಕ್ಕೆ ಸರಿಸಿದರೆ ಕೋಲು ಎಡಕ್ಕೆ ಬೀಳುತ್ತದೆ. ಮೊದಲು ಕೈಯನ್ನು ತುಸು ಎಡಕ್ಕೆ ಸರಿಸಿ, ಕೋಲು ಬಲಕ್ಕೆ ವಾಲಲು ಬಿಟ್ಟು, ಆಮೇಲೆ ಅದರ ಹಿಂದೆ ಓಡಬೇಕು. ಬೈಕಿನಲ್ಲಿ ಕೈಯ ಜಾಗದಲ್ಲಿ ಗಾಲಿಗಳು, ಕೋಲಿನ ಜಾಗದಲ್ಲಿ ನೀವು. ಗಾಲಿಗಳು ಕ್ಷಣಮಾತ್ರ ಎಡಕ್ಕೆ ಜರುಗಿ ನಿಮ್ಮ ಕೆಳಗಿನಿಂದ ಹೊರಬರುತ್ತವೆ, ಭಾರ ಬಲಕ್ಕೆ ಬೀಳತೊಡಗುತ್ತದೆ, ಆಗ ಮುಂದಿನ ಗಾಲಿ ತಾನಾಗಿ ಬಲಕ್ಕೆ ಹೊರಳಿ ತಿರುವು ಶುರುವಾಗುತ್ತದೆ. ಇದಕ್ಕೆ ಕೌಂಟರ್‌ಸ್ಟಿಯರಿಂಗ್ ಎನ್ನುತ್ತಾರೆ. ವಿಮಾನ ಹಾರಿಸಿದ ಸೋದರರಲ್ಲಿ ಒಬ್ಬನಾದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ. ಅಮೆರಿಕದ ಡೇಟನ್‌ನಲ್ಲಿ ಆ ಅಣ್ಣತಮ್ಮಂದಿರದು ಸೈಕಲ್ ಅಂಗಡಿ. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸೈಕಲ್ ಸವಾರರನ್ನು ಕೇಳಿದ. ಹ್ಯಾಂಡಲನ್ನು ಮೊದಲು ಬಲಕ್ಕೆ ತಿರುಗಿಸುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ. ಎಲ್ಲರೂ ಮಾಡುತ್ತಿದ್ದುದು ಮಾತ್ರ ಅದನ್ನೇ.

ಕೈಗೆ ಹೇಗೂ ಗೊತ್ತಿದೆಯಲ್ಲ, ತಲೆಗೆ ಯಾಕೆ ತಿಳಿಯಬೇಕು? ಎದುರಿಗೆ ನಾಯಿ ನುಗ್ಗುವವರೆಗೆ ಬೇಕಿಲ್ಲ. ಗಾಬರಿಯಾದಾಗ ಅರಿಯದ ಕೈ ಹೋಗಬೇಕಾದ ಕಡೆಗೇ ಹ್ಯಾಂಡಲನ್ನು ತಿರುಚುತ್ತದೆ, ಬೈಕು ನೇರ ನಾಯಿಯ ಕಡೆಗೆ ಹೋಗುತ್ತದೆ. ಹಾಗಾಗಿ ಒಂದೇ ವಾಕ್ಯ ಕೈಗೆ ಕಲಿಸಿ: ಎಡಕ್ಕೆ ತಪ್ಪಿಸಲು ಎಡಗೈ ಮುಂದಕ್ಕೆ, ಬಲಕ್ಕೆ ತಪ್ಪಿಸಲು ಬಲಗೈ ಮುಂದಕ್ಕೆ. ಇಟ್ಟಿಗೆಯೊಂದನ್ನು ನಾಯಿ ಎಂದುಕೊಂಡು 40ರ ವೇಗದಲ್ಲಿ ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ ತಪ್ಪಿಸಿ. ತಪ್ಪಿಸುವ ಕ್ಷಣದಲ್ಲಿ ಬ್ರೇಕು ಬೇಡ. ಯಾಕೆಂದು ಮುಂದೆ ಬರುತ್ತದೆ.

ನಿಂಬೆಹಣ್ಣು ಹಿಂಡಿದ ಹಾಗೆ

ಈಗ ಚಿಕ್ಕಪ್ಪನ ಮೊದಲ ಪಾಠ. ಬ್ರೇಕು ಹಿಡಿದಾಗ ದೇಹ ಮುಂದಕ್ಕೆ ತಳ್ಳುತ್ತದೆ, ಫೋರ್ಕು ಕುಸಿಯುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಎಷ್ಟು ಹಗುರ? ಮೇಲಿನ 260 ಕಿಲೋ ಲೆಕ್ಕವನ್ನೇ ಇಟ್ಟುಕೊಳ್ಳಿ. ಎರಡು ಗಾಲಿಗಳ ನಡುವೆ 1390 ಮಿಲಿಮೀಟರ್, ಭಾರದ ಕೇಂದ್ರ ನೆಲದಿಂದ ಸುಮಾರು 650 ಮಿಲಿಮೀಟರ್ ಎತ್ತರದಲ್ಲಿದೆ ಎನ್ನೋಣ. ಗುರುತ್ವದ 0.7ರಷ್ಟು ಜೋರಾಗಿ ಬ್ರೇಕು ಹಿಡಿದರೆ ಹಿಂದಿನಿಂದ ಮುಂದಕ್ಕೆ ಸಾಗುವ ಭಾರ ಸುಮಾರು 85 ಕಿಲೋ. ಮುಂದೆ 215, ಹಿಂದೆ ಬರಿಯ 45. ಟೈರಿನ ಹಿಡಿತ ಅದರ ಮೇಲಿರುವ ಭಾರಕ್ಕೆ ತಕ್ಕಷ್ಟು. ಭಾರವೇ ಇಲ್ಲದ ಹಿಂಗಾಲಿಯನ್ನು ಎಷ್ಟು ತುಳಿದರೇನು, ಕಿರ್ರ್ ಎಂದು ಜಾರುತ್ತದೆ.

ಒಣ ಡಾಂಬರಿನಲ್ಲಿ 60ರ ವೇಗದಿಂದ ಎರಡೂ ಬ್ರೇಕು ಸರಿಯಾಗಿ ಬಳಸಿದರೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನ ಬ್ರೇಕೊಂದನ್ನೇ ನಂಬಿದರೆ ಹತ್ತಿರಹತ್ತಿರ 50. ಅಪಾಯ ಕಂಡು ಕೈ ಆಡುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೊಂದು 17 ಮೀಟರ್ ಎರಡಕ್ಕೂ ಸೇರಿಸಿ. ಆ ಮೂವತ್ತು ಮೀಟರ್ ವ್ಯತ್ಯಾಸದಲ್ಲಿ ಮೂರು ಬಸ್ಸು ಸಾಲಾಗಿ ನಿಲ್ಲಿಸಬಹುದು ಅಥವಾ ಒಂದಕ್ಕೆ ಗುದ್ದಬಹುದು. ಮುಗ್ಗರಿಸುವ ಭಯ? ಮೇಲಿನ ಬೈಕಿನ ಹಿಂಗಾಲಿ ಪೂರ್ತಿ ಮೇಲೇಳಬೇಕಾದರೆ ಗುರುತ್ವದ 1.07ರಷ್ಟು ಜೋರಿನ ಬ್ರೇಕು ಬೇಕು; ಸಾಧಾರಣ ಟೈರಿಗೆ ಒಣ ರಸ್ತೆಯಲ್ಲಿ ಸಿಗುವ ಹಿಡಿತ 0.8ರ ಆಸುಪಾಸು. ಮುಗ್ಗರಿಸುವ ಮೊದಲೇ ಟೈರು ಜಾರುತ್ತದೆ. ಗಿಡ್ಡ, ಎತ್ತರದ, ಒಳ್ಳೆಯ ಟೈರಿನ ಬೈಕುಗಳ ಮಾತು ಬೇರೆ.

ಜಾರದಂತೆ ಹಿಡಿಯುವುದು ಹೇಗೆ ಎಂಬುದೇ ವಿದ್ಯೆ. ಲಿವರನ್ನು ಹೊಡೆದಂತೆ ಎಳೆಯಬೇಡಿ, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿ. ಮೊದಲ ಒತ್ತು ಹಗುರ: ಫೋರ್ಕು ಕುಸಿದು ಭಾರ ಮುಂದಿನ ಟೈರಿನ ಮೇಲೆ ಕೂರಲು ಅರೆಕ್ಷಣ ಸಮಯ. ಭಾರ ಕೂತಿತು, ತೇಪೆ ಅಗಲವಾಯಿತು, ಈಗ ಜೋರಾಗಿ ಹಿಂಡಿ. ಭಾರ ಬರುವ ಮೊದಲೇ ಗಕ್ಕನೆ ಹಿಡಿದರೆ ಹಗುರಾದ ಗಾಲಿ ಲಾಕ್ ಆಗುತ್ತದೆ. ಚಿಕ್ಕಪ್ಪ ಹೆದರಿಸಿದ ಬೀಳುವಿಕೆ ಇದೇ. ತೊಡೆಯಿಂದ ಟ್ಯಾಂಕನ್ನು ಅಪ್ಪಿ ಹಿಡಿಯಿರಿ, ಕೈಗಳ ಮೇಲೆ ಮೈಭಾರ ಹಾಕಬೇಡಿ, ಕಣ್ಣು ದೂರದಲ್ಲಿರಲಿ. ಮೈದಾನದಲ್ಲಿ ಒಂದು ಇಟ್ಟಿಗೆಯ ಬಳಿ 40ರ ವೇಗದಲ್ಲಿ ಬ್ರೇಕು ಹಿಡಿದು ನಿಂತ ಜಾಗಕ್ಕೆ ಹೆಜ್ಜೆ ಎಣಿಸಿ: ಮೊದಲು ಹಿಂದಿನದು ಮಾತ್ರ, ಆಮೇಲೆ ಎರಡೂ. ಡಾಂಬರಿನ ಲೆಕ್ಕದಲ್ಲಿ 21 ಮೀಟರಿಗೂ 9 ಮೀಟರಿಗೂ ಇರುವ ಅಂತರ ಅದು. ಮಣ್ಣಿನ ಮೈದಾನವಾದರೆ ವೇಗ 25 ದಾಟಿಸಬೇಡಿ, ಮುಂದಿನ ಬ್ರೇಕು ಎರಡೇ ಬೆರಳಿನಲ್ಲಿರಲಿ.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ, ಗಾಲಿ ಲಾಕ್ ಆಗದಂತೆ ಬ್ರೇಕನ್ನು ತಾನೇ ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್ ಕಡ್ಡಾಯ; ಅದಕ್ಕಿಂತ ಚಿಕ್ಕವಕ್ಕೆ ಒಂದನ್ನು ಹಿಡಿದರೆ ಎರಡೂ ಕೆಲಸ ಮಾಡುವ ಸಿಬಿಎಸ್ ಆದರೂ ಇರಬೇಕು ಎಂಬುದು ಆಗಿನ ನಿಯಮ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿನ ಕೆಳಗೆ ಟರಟರ ಎಂದು ಮಿಡಿಯುತ್ತದೆ. ಹೆದರಿ ಬಿಟ್ಟುಬಿಡಬೇಡಿ, ಹಿಡಿದೇ ಇರಿ. ಹಲವು ಬೈಕುಗಳಲ್ಲಿ ಅದು ಮುಂದಿನ ಗಾಲಿಗೆ ಮಾತ್ರ ಇದೆ, ಹಿಂದಿನದು ಎಂದಿನಂತೆ ಲಾಕ್ ಆಗಬಲ್ಲದು.

ತಿರುವಿನ ಲೆಕ್ಕ, ಆಗುಂಬೆಯ ಇಳಿಜಾರು

ಟೈರಿನ ಅಗಲ ತರುವ ಸಣ್ಣ ವ್ಯತ್ಯಾಸ ಬಿಟ್ಟರೆ, ಎಷ್ಟು ವಾಲಬೇಕು ಎಂಬುದನ್ನು ವೇಗ ಮತ್ತು ತಿರುವಿನ ತ್ರಿಜ್ಯ ಎರಡೇ ನಿರ್ಧರಿಸುತ್ತವೆ. ಬೈಕಿನ ತೂಕ ಲೆಕ್ಕಕ್ಕೇ ಬರುವುದಿಲ್ಲ. ದಪ್ಪ ಬುಲೆಟ್ಟಿಗೂ ಸಣ್ಣ ಸ್ಕೂಟರಿಗೂ ಹೆಚ್ಚುಕಡಿಮೆ ಒಂದೇ ಕೋನ. ವೇಗ ಮಾತ್ರ ವರ್ಗವಾಗಿ ಬರುತ್ತದೆ. 50 ಮೀಟರ್ ತ್ರಿಜ್ಯದ ಸಾಧಾರಣ ತಿರುವಿಗೆ ಗಂಟೆಗೆ 36 ಕಿಲೋಮೀಟರಿನಲ್ಲಿ ಹನ್ನೊಂದೂವರೆ ಡಿಗ್ರಿ ಸಾಕು, 54ರಲ್ಲಿ 25 ಡಿಗ್ರಿ ಬೇಕು, 72ರಲ್ಲಿ 39. ವೇಗ ಇಮ್ಮಡಿಯಾದರೆ ಟೈರಿನ ಮೇಲಿನ ಬೇಡಿಕೆ ನಾಲ್ಕು ಪಟ್ಟು.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಂದು ತಿರುವಿನ ತ್ರಿಜ್ಯ 12 ಮೀಟರ್ ಎಂದು ಇಟ್ಟುಕೊಳ್ಳಿ. ಒಣ ರಸ್ತೆಯ 0.8 ಹಿಡಿತಕ್ಕೆ ಅಲ್ಲಿನ ಕಟ್ಟಕಡೆಯ ವೇಗ 35. ಮಳೆಯಲ್ಲಿ ಹಿಡಿತ 0.5ಕ್ಕೆ ಇಳಿದರೆ 28. ಇದು ಜಾರುವ ಗೆರೆ, ಓಡಿಸುವ ವೇಗವಲ್ಲ. 20ರಲ್ಲಿ ಹೋದರೆ 15 ಡಿಗ್ರಿಯೂ ವಾಲಬೇಕಿಲ್ಲ; ಪಾಚಿ ಕಟ್ಟಿದ ಅಂಚು, ಡೀಸೆಲ್ ಚೆಲ್ಲಿದ ಕಲೆ, ಎದುರಿನಿಂದ ರಸ್ತೆಯೆಲ್ಲ ತುಂಬಿಕೊಂಡು ಹತ್ತುವ ಮಿನಿ ಬಸ್, ಎಲ್ಲಕ್ಕೂ ಹಿಡಿತ ಮಿಗುತ್ತದೆ. ನಾವು ಎಡಪಕ್ಕದಲ್ಲಿ ಓಡಿಸುವುದರಿಂದ ಎಡಕ್ಕೆ ತಿರುಗುವ ಹೇರ್‌ಪಿನ್ನೇ ಹೆಚ್ಚು ಬಿಗಿ, ಅದಕ್ಕೆ ಇನ್ನೂ ನಿಧಾನ ಮಾಡಿ.

ಈಗ ಬಾಕಿ ಉಳಿಸಿದ್ದ ಮಾತು. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ: ಬ್ರೇಕಿಗೂ ತಿರುವಿಗೂ ಅದರಲ್ಲೇ ಕೊಡಬೇಕು. ಲೆಕ್ಕ ಮಾತ್ರ ಕೂಡುವ ಕಳೆಯುವ ಲೆಕ್ಕವಲ್ಲ, ಪೈಥಾಗೊರಸನ ತ್ರಿಕೋನದ ಲೆಕ್ಕ. ತಿರುವಿಗೆ ನೂರರಲ್ಲಿ 60 ಖರ್ಚಾಗಿದ್ದರೆ ಬ್ರೇಕಿಗೆ ಇನ್ನೂ 80 ಉಳಿದಿರುತ್ತದೆ, 80 ಖರ್ಚಾಗಿದ್ದರೆ 60. ನೂರಕ್ಕೆ ನೂರನ್ನೂ ತಿರುವಿಗೇ ಸುರಿದಿದ್ದರೆ ಬ್ರೇಕಿಗೆ ಸೊನ್ನೆ. ಬೆರಳು ತಾಗಿಸಿದರೂ ಟೈರು ಕೈಬಿಡುತ್ತದೆ. ನಿಧಾನವಾಗಿ ತಿರುಗುವವರಿಗೆ ತಿರುವಿನ ನಡುವೆಯೂ ಬ್ರೇಕು ಉಳಿದಿರುತ್ತದೆ ಎಂಬುದು ಇದರ ಸಂತೋಷದ ಮುಖ. ಇನ್ನೊಂದು ಮುಖ: ವಾಲಿರುವಾಗ ಮುಂದಿನ ಬ್ರೇಕು ಹಿಡಿದರೆ ಬೈಕು ನೆಟ್ಟಗೆ ಎದ್ದು ನಿಂತು ತಿರುವಿನ ಹೊರಗೆ ಎಳೆಯುತ್ತದೆ, ಯಾಕೆಂದರೆ ಬ್ರೇಕಿನ ಎಳೆತ ಆಗ ಟೈರಿನ ನಡುವಿನಲ್ಲಿಲ್ಲ, ಒಳ ಅಂಚಿನಲ್ಲಿದೆ. ಘಾಟಿಯಲ್ಲಿ ಹೊರಗೆ ಎಂದರೆ ಕಣಿವೆ ಅಥವಾ ಮಿನಿ ಬಸ್.

ಹಾಗಾಗಿ ಕ್ರಮ ಹೀಗೆ. ತಿರುವಿನ ಮೊದಲೇ, ಬೈಕು ನೇರ ಇರುವಾಗಲೇ, ಬ್ರೇಕು ಮುಗಿಸಿ ಎರಡನೆಯ ಗೇರಿಗೆ ಬನ್ನಿ. ತಿರುವಿನ ಹೊರಹೋಗುವ ತುದಿಯನ್ನು ನೋಡಿ. ಒಳಗಿನ ಕೈಯನ್ನು ಮುಂದಕ್ಕೆ ಒತ್ತಿ ವಾಲಿಸಿ. ವಾಲಿದ ಮೇಲೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತೆರೆದು ಅಲ್ಲೇ ಹಿಡಿಯಿರಿ. ಅದರಿಂದ ಸ್ವಲ್ಪ ಭಾರ ಹಿಂದಿನ ಅಗಲ ಟೈರಿಗೆ ಹೋಗಿ ಮುಂದಿನದಕ್ಕೆ ಉಸಿರು ಬರುತ್ತದೆ. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಿನ ಗಾಲಿಯ ಮೇಲಿರುವುದರಿಂದ ಇದು ಇನ್ನೂ ಮುಖ್ಯ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡಿದ್ದೇನೆ. ಎಂಜಿನ್ನಿನ ತಡೆಯೂ ಇಲ್ಲ, ಬೇಕೆಂದಾಗ ಆಕ್ಸಿಲರೇಟರೂ ಇಲ್ಲ, ಬ್ರೇಕು ಒಂದೇ ಸಮನೆ ಬಿಸಿಯಾಗುತ್ತ ಹೋಗುತ್ತದೆ. ಉಳಿಯುವ ನಾಲ್ಕು ರೂಪಾಯಿಗೆ ಇದು ದುಬಾರಿ.

ಹಿಂದೆ ಕುಳಿತವರು

ಹಿಂಬದಿ ಸವಾರರ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಗಾಲಿಯ ಮೇಲೆ. ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಹ್ಯಾಂಡಲ್ ಹಗುರಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿರುವ ಮೆಟ್ಟಿಲು ಕೊರೆದ ಉಂಗುರವನ್ನು ಒಂದೆರಡು ಮೆಟ್ಟಿಲು ಏರಿಸಿ, ಹಿಂದಿನ ಗಾಳಿಯನ್ನು ಚೀಟಿಯಲ್ಲಿರುವಷ್ಟು ಹೆಚ್ಚಿಸಿ. ಹಿಂದಿನ ಬ್ರೇಕು ಒಬ್ಬರೇ ಇದ್ದಾಗಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಮ್ಮ ಸೀರೆಯುಟ್ಟು ಎಡಕ್ಕೆ ಕಾಲು ಇಳಿಬಿಟ್ಟು ಕುಳಿತರೆ? 60 ಕಿಲೋ ತೂಕದವರ ಭಾರದ ಕೇಂದ್ರ ನಡುಗೆರೆಯಿಂದ 10 ಸೆಂಟಿಮೀಟರ್ ಎಡಕ್ಕಿದ್ದರೆ ಒಟ್ಟು ಭಾರ ಪಕ್ಕಕ್ಕೆ ಸರಿಯುವುದು ಎರಡು ಸೆಂಟಿಮೀಟರಿಗೂ ಕಡಿಮೆ. ಬೈಕನ್ನು ಬಲಕ್ಕೆ ಒಂದೂವರೆ ಡಿಗ್ರಿ ವಾಲಿಸಿಕೊಂಡರೆ ಲೆಕ್ಕ ಸರಿಹೋಯಿತು, ಕೈ ಅದನ್ನು ತಾನೇ ಮಾಡುತ್ತದೆ. ಅಪಾಯ ಅಲ್ಲಿಲ್ಲ. ಅವರಿಗೆ ಬೈಕನ್ನು ತೊಡೆಯಿಂದ ಅಪ್ಪಿ ಹಿಡಿಯಲು ಆಗುವುದಿಲ್ಲ; ಹಂಪ್ ಬಂದಾಗ, ಬ್ರೇಕು ಹಿಡಿದಾಗ, ಆ 60 ಕಿಲೋ ತಟ್ಟನೆ ಸರಿಯುತ್ತದೆ. ಸ್ಥಿರವಾದ ಓರೆ ಭಾರವನ್ನು ಬೈಕು ಸಹಿಸುತ್ತದೆ, ಆಡುವ ಭಾರವನ್ನು ಸಹಿಸುವುದಿಲ್ಲ. ಡೇರಿಗೆ ಹಾಲು ಹಾಕಲು ಹೋಗುವವರನ್ನು ಕೇಳಿ: ತುಂಬಿದ ಕ್ಯಾನು ತೊಂದರೆ ಕೊಡುವುದಿಲ್ಲ, ಅರ್ಧ ತುಂಬಿದ್ದು ಪ್ರತಿ ತಿರುವಿನಲ್ಲೂ ಒಳಗಿನಿಂದ ಗುದ್ದುತ್ತದೆ.

ಹ್ಯಾಂಡಲ್ ನಡುಗಿದರೆ

ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಸಾಮಾನು ಕಟ್ಟಿ ವೇಗ ಏರಿಸಿದಾಗ ಬೈಕು ನಿಧಾನಕ್ಕೆ ಸೊಂಟ ಆಡಿಸುವುದುಂಟು. ಹ್ಯಾಂಡಲ್ ಸೆಕೆಂಡಿಗೆ ಹಲವು ಸಲ ಪಟಪಟ ಬಡಿದುಕೊಳ್ಳುವುದೂ ಉಂಟು. ಎರಡಕ್ಕೂ ಮದ್ದು ಒಂದೇ. ಹ್ಯಾಂಡಲ್ ಅವುಚಬೇಡಿ, ಗಕ್ಕನೆ ಬ್ರೇಕು ಬೇಡ, ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ, ತೊಡೆಯಿಂದ ಟ್ಯಾಂಕು ಹಿಡಿದು ಮೈಯನ್ನು ತುಸು ಮುಂದಕ್ಕೆ ಬಾಗಿಸಿ. ನಿಂತ ಮೇಲೆ ಸಾಮಾನನ್ನು ಕೆಳಕ್ಕೆ, ಮುಂದಕ್ಕೆ ಸರಿಸಿ ಕಟ್ಟಿ, ಗಾಳಿ ನೋಡಿ, ಕೋನ್‌ಸೆಟ್ಟಿಗೆ ಆ ಒಂದು ಬೆರಳಿನ ಪರೀಕ್ಷೆ ಮಾಡಿ.

ರಸ್ತೆಯ ಮೇಲಿನ ಹುರುಳಿ

ಚಳಿಗಾಲದಲ್ಲಿ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಹರವಿರುತ್ತಾರೆ. ಹುರುಳಿ ಎಂದರೆ ಡಾಂಬರಿನ ಮೇಲೆ ಚೆಲ್ಲಿದ ಬೇರಿಂಗ್ ಗುಂಡುಗಳೇ. ದೂರದಿಂದ ಕಂಡ ಕೂಡಲೇ, ಇನ್ನೂ ಬರಿಯ ಡಾಂಬರಿನ ಮೇಲಿರುವಾಗಲೇ ಬ್ರೇಕು ಮುಗಿಸಿ. ಹರವಿದ್ದರ ಮೇಲೆ ಬೈಕು ನೆಟ್ಟಗಿರಲಿ, ಎರಡನೆಯ ಗೇರು, ಕ್ಲಚ್ ಒತ್ತದೆ, ಬ್ರೇಕು ಮುಟ್ಟದೆ, ಆಕ್ಸಿಲರೇಟರ್ ಅಲುಗಿಸದೆ ದಾಟಿ. ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಂಡರೆ ಆಚೆ ನಿಲ್ಲಿಸಿ ಬಿಡಿಸಿಕೊಳ್ಳಿ. ತುಳಿದುಕೊಂಡು ಬಂದಿರೆಂದು ಯಾರೂ ಬಯ್ಯುವುದಿಲ್ಲ. ಒಕ್ಕಣೆಗೆ ನಿಮ್ಮ 260 ಕಿಲೋ ಬೇಕೆಂದೇ ಅದನ್ನು ಅಲ್ಲಿ ಹರವಿರುತ್ತಾರೆ.